ಕನ್ನಡ ಮಾತ್ರ ಬರುವ ಹಕ್ಕಿ

ರಟ್ಟಿನ ಕೊಕ್ಕು ಕಳಚಿ ಮುಂದಿನ ಸಾಲಿನ ಮಗುವಿನ ತಲೆಯ ಮೇಲೆ ಬೀಳಬಹುದಿತ್ತು. ವೇಷದ ಗೋಣಿಯೊಳಗೆ ನಾನು ಉಸಿರುಗಟ್ಟಿ ಕುಸಿಯಬಹುದಿತ್ತು. ಮುಂಬಯಿ ಪಕ್ಕದ ಠಾಣೆಯಲ್ಲಿ ಲೋಕಲ್ ರೈಲು ಹತ್ತುವಾಗಲೇ ಯಾರದೋ ಮೊಣಕೈ ತಗುಲಿ ಹಕ್ಕಿಯ ತಲೆ ಜಜ್ಜಿಹೋಗಬಹುದಿತ್ತು. ದಿವಾ ಸ್ಟೇಷನ್ನಿನಲ್ಲಿ ನುಗ್ಗುವ ಗುಂಪು ಉಳಿದದ್ದನ್ನು ಮುಗಿಸಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೆದರಿಕೆಯಿಂದ ಚಿಕ್ಕವರಿಗೆ ಜ್ವರ ಬರಬಹುದಿತ್ತು, ಅಥವಾ ಮಕ್ಕಳೇ ಬರದಿರಬಹುದಿತ್ತು. ಈ ಕೊನೆಯದೊಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ನಮ್ಮ ಟೀಚರು ಹೆದರಿರಲಿಲ್ಲ. ಉಳಿದದ್ದಕ್ಕೆಲ್ಲ ಹೆದರುವ ಹೊಣೆ ನನ್ನದು. ತುರ್ಭೆಯ ಕಾರ್ಖಾನೆಯೊಂದರಲ್ಲಿ ನಾನು ಸೇಫ್ಟಿ ಆಫೀಸರ್. ಹೆದರುವುದಕ್ಕೇ ನನಗೆ ಸಂಬಳ.

ಟೀಚರ ಮೂಗು ಹಣೆಯಿಂದಲೇ ಹೊರಟು, ಫಾಸ್ಟ್ ಲೋಕಲಿನ ಹಾಗೆ ನಡುವೆ ಎಲ್ಲೂ ನಿಲ್ಲದೆ, ತುದಿಯಲ್ಲಿ ಮಾತ್ರ ಥಟ್ಟನೆ ಕೆಳಕ್ಕೆ ಬಾಗುತ್ತಿತ್ತು. ಠಾಣೆಯ ಕನ್ನಡ ಶಾಲೆಯಲ್ಲಿ ನಮಗೆ ಅವರು ವಿಜ್ಞಾನ ಕಲಿಸುತ್ತಿದ್ದರು. ನಾವು ಅವರಿಗೆ ‘ಹದ್ದು’ ಎಂದು ಹೆಸರಿಟ್ಟಿದ್ದೆವು. ಒಂದು ದಿನ ತರಗತಿಗೆ ಬಂದವರೇ ಕಪ್ಪು ಹಲಗೆಯ ಮೇಲೆ ದೊಡ್ಡದೊಂದು ಹಕ್ಕಿ ಬರೆದರು. ಅದಕ್ಕೆ ತಮ್ಮದೇ ಮೂಗು.

“ಹದ್ದು ಎಲ್ಲ ಸಣ್ಣದಾಯ್ತು ಮಕ್ಕಳೇ. ಇದು ಟೈಟಾನಿಸ್. ಅಮೆರಿಕದಲ್ಲಿತ್ತು, ಈಗ ನಿರ್ವಂಶ. ನಿಮ್ಮ ಅಪ್ಪಂದಿರಷ್ಟು ಎತ್ತರ. ಹಾರ್ಲಿಕ್ಕೆ ಬರುದಿಲ್ಲ, ಓಡಿ ಬಂದು ಕೊಕ್ಕಿನಲ್ಲೇ ಕುಕ್ಕಿ ಕೊಲ್ಲುದು. ಡೈನೋಸಾರು ಎದ್ದು ಹೋದ ಕುರ್ಚಿಯಲ್ಲಿ ಕೂತ ವಂಶ ಇದರದ್ದು. ಇನ್ನು ಮುಂದೆ ಹೀಗೇ ಕರೀರಿ, ಆಯ್ತಾ?”

ಆಮೇಲೆ ಹೆಸರಿಟ್ಟು ಕರೆಯುವ ಸುಖವೇ ಹೋಯಿತು.

ಪರೀಕ್ಷೆ ಎಂದರೆ ನನಗೆ ಹೊಟ್ಟೆನೋವು. ಹಾಗಾದಾಗಲೆಲ್ಲ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ ಹೇಳುತ್ತಿದ್ದದ್ದು ಒಂದೇ ಮಾತು: “ಹೆದರುದಾದ್ರೆ ಹೆದರ್ಬೇಕಾದ್ದಕ್ಕೆ ಹೆದರು ಮಾರಾಯ. ಸುಮ್ಮನೆ ಹೆದರಿಕೆ ದಂಡ ಮಾಡ್ಬೇಡ.”

ನಿವೃತ್ತರಾದ ಮೇಲೆ ಡೊಂಬಿವಲಿಯ ಒಂದು ಕನ್ನಡ ಸಂಘದ ಹಾಲ್‌ನಲ್ಲಿ ಅವರು ಭಾನುವಾರದ ಕನ್ನಡ ಪಾಠ ಶುರುಮಾಡಿದ್ದರು. ಇಲ್ಲೇ ಹುಟ್ಟಿದ ಮಕ್ಕಳು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ, ಗದರಿಸಿದರೆ ಮರಾಠಿಯಲ್ಲಿ. ಬರಬರುತ್ತಾ ಬರುವುದನ್ನೇ ಬಿಟ್ಟರು. ಮಕ್ಕಳು ಕೂಡದಿದ್ದರೆ ಹಾಲ್ ಅನ್ನು ಝುಂಬಾ ಕುಣಿತದವರಿಗೆ ಕೊಡುತ್ತೇವೆ ಎಂದು ಸಂಘದವರು ನಯವಾಗಿಯೇ ತಿಳಿಸಿದರು. ಅಂದೇ ಠಾಣೆಯ ವರ್ತಕ ನಗರದ ನಮ್ಮ ಮನೆಗೆ ಟೀಚರ ಫೋನು ಬಂತು.

“ವೇಷ ಕಟ್ಟುವ ಅಂತ ಉಂಟು. ಟೈಟಾನಿಸ್. ನೀನೇ ಆಗ್ಬೇಕು.”

“ಟೀಚರ್, ನನಗೆ ಸೊಂಟನೋವು.”

“ಹಕ್ಕಿಗೆ ಇಲ್ಲ.”

ಟೀಚರು ಉಡುಪಿ ಕಡೆ ಯಕ್ಷಗಾನ ನೋಡುತ್ತ ಬೆಳೆದವರು. ರಾಕ್ಷಸನ ಬಣ್ಣದ ವೇಷ ಬಂದಂತೆಯೇ ಹಕ್ಕಿಯೂ ಬರಬೇಕು: ಮೊದಲು ಚೆಂಡೆ, ಆಮೇಲೆ ತೆರೆಯ ಹಿಂದೊಂದು ಅಬ್ಬರ, ಕೊನೆಗೆ ಮುಖ. ರಟ್ಟು, ಬಿದಿರಿನ ಸೀಳು, ಮೈದಾ ಅಂಟು ಸೇರಿಸಿ ಇಬ್ಬರೂ ಕೊಕ್ಕು ಮಾಡಿ, ಮೈಗೆ ಗೋಣಿ ಹೊಲಿದೆವು. ಕೈ ಎಲ್ಲಿಡಲಿ ಎಂದು ಕೇಳಿದೆ. ಕೈಯಿಲ್ಲದೆ ವೇಷ ಕುಣಿಯುವುದೆಂತು?

“ಒಳಗೆ ಕಟ್ಟುದು. ಈ ಹಕ್ಕಿಗೆ ರೆಕ್ಕೆಯ ಬದಲು ಹಿಡಿಯುವ ಕೈ ಇತ್ತು ಅಂತ ಹಿಂದೊಮ್ಮೆ ಪಂಡಿತರೇ ಎಣಿಸಿದ್ರು. ಆಮೇಲೆ ಅದು ತಪ್ಪು ಅಂತಾಯ್ತು. ನಾವು ಯಾಕೆ ಪುನಃ ಕೊಡುದು?”

ಕೊನೆಗೆ ಹಕ್ಕಿ ಸಾಯಬೇಕೆಂಬುದೂ ಅವರ ಹಟವೇ. “ನಿರ್ವಂಶ ಅಂದ್ರೆ ನಿರ್ವಂಶ. ವಿಜ್ಞಾನದಲ್ಲಿ ಕನಿಕರ ಇಲ್ಲ.”

ವೇಷದ ಸುದ್ದಿ ಹರಡಿ ಆ ಭಾನುವಾರ ಹಾಲ್ ತುಂಬಿತ್ತು. ಮೊಬೈಲಿನಿಂದ ಚೆಂಡೆ ಹೊರಟಿತು. ಇಬ್ಬರು ತಾಯಂದಿರು ಕೆಂಪು ಬೆಡ್‌ಶೀಟನ್ನು ತೆರೆಯಾಗಿ ಹಿಡಿದಿದ್ದರು. ನಾನು ಅಬ್ಬರಿಸಿದೆ, ನನಗೇ ಹೆದರಿಕೆಯಾಯಿತು. ತೆರೆ ಸರಿದದ್ದೇ ಮಕ್ಕಳೆಲ್ಲ ಹಿಂದಕ್ಕೆ ಸರಿದರು. ಒಬ್ಬಳು ಹುಡುಗಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏ, ತೂ ಕ್ಯಾ ಖಾತಾ ಹೈ?”

ಹಕ್ಕಿ ಕೊಕ್ಕನ್ನು ಟೀಚರ ಕಡೆ ತಿರುಗಿಸಿತು.

“ಅದಕ್ಕೆ ಹಿಂದಿ ಬರುದಿಲ್ಲ ಮಗಾ,” ಎಂದರು ಟೀಚರು.

“ಮರಾಠಿ?”

“ಅದೂ ಇಲ್ಲ.”

“ಇಂಗ್ಲಿಷ್ ತೋ ಆತಾ ಹೋಗಾ! ಅಮೆರಿಕಾ ಕಾ ಹೈ, ಆಪನೇ ಹೀ ಬೋಲಾ!”

“ಅಮೆರಿಕದ್ದೇ. ಆದ್ರೆ ಪಾಪ, ಕನ್ನಡ ಮಾತ್ರ ಬರ್ತದೆ.”

ಹುಡುಗಿ ಯೋಚಿಸಿದಳು. ಮನೆಯಲ್ಲಿ ಕೇಳಿ ಕೇಳಿ ಮೂಲೆಯಲ್ಲಿ ಬಿದ್ದಿದ್ದ ಮಾತುಗಳನ್ನು ಒಂದೊಂದಾಗಿ ಹೆಕ್ಕಿ, “ನೀನು… ಏನು… ತಿಂತಿ?” ಎಂದಳು.

“ಸಣ್ಣ ಪುಟ್ಟ ಪ್ರಾಣಿ!” ಎಂದು ಹಕ್ಕಿ ಗರ್ಜಿಸಿತು. ಆಮೇಲೆ ಹಾಲ್‌ನಲ್ಲಿ ಪ್ರಶ್ನೆಗಳ ಸಂತೆ. ಎಲ್ಲಿ ಮಲಗ್ತಿ? ನಿನ್ನ ಅಮ್ಮ ಯಾರು? ಹಾರಲ್ಲ ಯಾಕೆ? ವ್ಯಾಕರಣ ಸೊಟ್ಟ, ಆದರೆ ಎಲ್ಲವೂ ಕನ್ನಡ. ಕೊಕ್ಕಿನ ತೂತಿನಿಂದ ನೋಡಿದರೆ ಟೀಚರು ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು.

ಸಾಯುವ ಹೊತ್ತು ಬಂತು. ನಾನು ತೂರಾಡಿದೆ. ಆ ಹುಡುಗಿ ಓಡಿ ಬಂದು ಕಾಲು ತಬ್ಬಿಕೊಂಡಳು, ಹಿಂದೆಯೇ ಉಳಿದವರೂ. ಕೈಗಳನ್ನು ಒಳಗೆ ಕಟ್ಟಿತ್ತು, ಯಾರನ್ನೂ ಬಿಡಿಸುವಂತಿಲ್ಲ. ಬಿದ್ದರೆ ಮಕ್ಕಳ ಮೇಲೆಯೇ ಬೀಳಬೇಕು. ಸೇಫ್ಟಿ ಆಫೀಸರ್ ಹಾಗೆ ಬೀಳುವಂತಿಲ್ಲ.

“ಟೀಚರ್, ಸಾಯಿಸ್ಬೇಡಿ!” ಎಂದು ಮಕ್ಕಳು ಕೂಗಿದರು.

ಟೀಚರು ಕನ್ನಡಕ ಮೂಗಿನ ತುದಿಗೆ ಇಳಿಸಿ ಮಕ್ಕಳನ್ನೂ ನನ್ನನ್ನೂ ನೋಡಿದರು. “ಆಯ್ತು. ಬರುವ ಭಾನುವಾರ ಸಾಯ್ತದೆ. ನೋಡ್ಲಿಕ್ಕೆ ಬನ್ನಿ.”

ಬಂದರು. ಅದರ ಮುಂದಿನ ಭಾನುವಾರವೂ ಬಂದರು. ಝುಂಬಾದವರಿಗೆ ಬೇರೆ ಹಾಲ್ ಸಿಕ್ಕಿತು.

ಕಳೆದ ವರ್ಷ ಟೀಚರು ನಿದ್ದೆಯಲ್ಲೇ ಹೋದರು. ಅದಾದ ಮೊದಲ ಭಾನುವಾರ ಪಾಠಕ್ಕೆ ಯಾರೂ ಬರಲಿಕ್ಕಿಲ್ಲ ಎಂದು ನಾನು ಠಾಣೆಯಿಂದ ಡೊಂಬಿವಲಿಯವರೆಗೂ ಹೆದರಿಕೊಂಡೇ ಹೋದೆ. ಹೆದರಬೇಕಾದ್ದಕ್ಕೆ ಹೆದರಿದ್ದು ಬಹುಶಃ ಅದೇ ಮೊದಲು. ಹಾಲ್‌ನ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಆ ಹುಡುಗಿ ಕೊಕ್ಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಕಾಯುತ್ತಿದ್ದಳು.

“ಅಂಕಲ್, ಇವತ್ತು ಸಾಯ್ತದಾ?”

ಟೀಚರ ಧ್ವನಿಯಲ್ಲಿ “ಇವತ್ತಲ್ಲ” ಎಂದೆ.

ಅಷ್ಟೆಲ್ಲ ಅನಾಹುತಗಳನ್ನು ಎಣಿಸಿಟ್ಟಿದ್ದ ನಾನು, ಟೀಚರಿಲ್ಲದೆಯೂ ಮಕ್ಕಳು ಬರಬಹುದು ಎಂಬುದೊಂದನ್ನು ಎಣಿಸಿರಲಿಲ್ಲ. ಅವರು ಹಾಕಿಕೊಟ್ಟ ‘ನಿರ್ವಂಶ’ದ ಪಾಠದಲ್ಲಿ ತಪ್ಪಿದ್ದು ಅಷ್ಟೇ: ಹಕ್ಕಿ ಇನ್ನೂ ಸತ್ತಿಲ್ಲ.