ಲಂಡನ್ನಿನ ಕೂಡಿಕೆ, ಸಾಕಮ್ಮನ ಕೂಡಿಕೆ

ಸಾಕಮ್ಮನ ಇಡ್ಲಿ ಹೋಟೆಲಿಗೂ ನನ್ನ ಟೈಲರಿಂಗ್ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದೂ ತೆಳ್ಳಗಿನದು. ಮೈಸೂರಿನ ಅಂಚಿನ ಹೂಟಗಳ್ಳಿಯ ಫ್ಯಾಕ್ಟರಿಗಳಿಗೆ ಬೆಳಗಿನ ಪಾಳಿಗೆ ಹೋಗುವವರು, ರಾತ್ರಿ ಪಾಳಿ ಮುಗಿಸಿ ಬರುವವರು ಎಲ್ಲರೂ ಅವಳ ಬೆಂಚಿನ ಮೇಲೆ ಕೂತು ತಿಂದು, ಒಂದೇ ಪೇಪರನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದಿ, ಲೋಕದ ಎಲ್ಲ ವ್ಯವಹಾರಕ್ಕೂ ತೀರ್ಪು ಕೊಟ್ಟು ಏಳುತ್ತಿದ್ದರು. ನಾನು ಈಚೆ ಮಗ್ಗುಲಲ್ಲಿ ಬ್ಲೌಸ್ ಹೊಲಿಯುತ್ತ ಅಷ್ಟನ್ನೂ ಕೇಳುತ್ತಿದ್ದೆ. ಹೆಂಗಸರಿಗೆ ಊರ ಉಸಾಬರಿ ಜಾಸ್ತಿ ಅನ್ನುವವರು ಒಂದು ವಾರ ನನ್ನ ಮಿಷನ್ನಿನ ಮುಂದೆ ಕೂತು ಆ ಗಂಡಸರ ಮಾತು ಕೇಳಬೇಕಿತ್ತು.

ಸಾಕಮ್ಮ ಕುಳ್ಳಗೆ, ಗುಂಡಗೆ, ಒಂದು ಕಡೆ ನಿಂತವಳಲ್ಲ. ಅವಳ ಗಂಡ ಮರಿಯಯ್ಯನಿಗೆ ಮಾತೇ ಕಡಿಮೆ. ಹಿಟ್ಟು ರುಬ್ಬುವುದು, ತಟ್ಟೆ ತೊಳೆಯುವುದು, ನೀರು ಹೊರುವುದು ಅವನ ಪಾಲು. ಗಿರಾಕಿಗಳೆಲ್ಲ ಖಾಲಿಯಾದ ಮೇಲೆ ಅವನು ತಟ್ಟೆಗೆ ಇಡ್ಲಿ ಹಾಕಿಕೊಂಡು ಕಾಯುತ್ತ ಕೂರುತ್ತಿದ್ದ. ಅವಳು ಬಂದು ಪಕ್ಕದಲ್ಲಿ ಕೂರುವ ತನಕ ಒಂದು ತುತ್ತು ಮುರಿಯುತ್ತಿರಲಿಲ್ಲ. “ತಿನ್ನಿ ಅಂದ್ರೆ ತಿನ್ನಕಿಲ್ಲ ಕಣಕ್ಕ, ಈವಯ್ಯಂದು ಒಂದು ಗೋಳು” ಎಂದು ಅವಳು ಗೋಡೆಯಾಚೆಯಿಂದ ನನಗೆ ದೂರು ಹೇಳುವಳು. ಒಮ್ಮೆ ಅವಳಿಗೆ ಕಾಮಾಲೆ ಬಂದಾಗ ಅವನು ಅಂಗಡಿ ಮುಚ್ಚಿ, ಅವಳನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ದಿನಾ ಬೆಳಿಗ್ಗೆ ನಾಟಿ ಔಷಧಿಗೆ ಕರೆದುಕೊಂಡು ಹೋಗುತ್ತಿದ್ದ. ಅವಳು ಎದ್ದು ಓಡಾಡುವ ತನಕ ಅವನ ಮುಖದಲ್ಲಿ ರಕ್ತವಿರಲಿಲ್ಲ.

ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ನನ್ನ ಗಂಡ ಚನ್ನಬಸವಯ್ಯ ಇಲವಾಲದಲ್ಲಿ ಇನ್ನೊಂದು ಮನೆ ಮಾಡಿಕೊಂಡು ವರ್ಷಗಳೇ ಆಗಿದ್ದವು. ಯುಗಾದಿಗೆ, ಗೌರಿಹಬ್ಬಕ್ಕೆ ಬಂದು ಹೋಳಿಗೆ ತಿಂದು ಬಸ್ಸು ಹತ್ತುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನನಗೆ ಜಗಳವಾಡುವುದಕ್ಕೂ ಅವನು ಸಿಗುತ್ತಿರಲಿಲ್ಲ. ಇದು ಇಡೀ ಹೂಟಗಳ್ಳಿಗೆ ಗೊತ್ತಿತ್ತು. ಆದರೂ ನಾನು ಮುತ್ತೈದೆ. ಯಾರ ಮನೆಯ ಶುಭಕಾರ್ಯವಾದರೂ ಮೊದಲ ಕುಂಕುಮ ನನ್ನ ಹಣೆಗೆ.

ಸಾಕಮ್ಮನಿಗೆ ಆ ಕುಂಕುಮ ಇರಲಿಲ್ಲ. ಅವಳದು ಕೂಡಿಕೆ. ಗಂಡ ಸತ್ತವಳೋ ಗಂಡನನ್ನು ಬಿಟ್ಟವಳೋ ಎರಡನೆಯವನ ಕೈ ಹಿಡಿದರೆ ಅದಕ್ಕೆ ಅವರ ಕುಲದಲ್ಲಿ ಮದುವೆ ಎಂಬ ಹೆಸರಿಲ್ಲ. ಚಪ್ಪರವಿಲ್ಲ, ವಾಲಗವಿಲ್ಲ, ಧಾರೆಯಿಲ್ಲ. ಹೊತ್ತು ಮುಳುಗಿದ ಮೇಲೆ ನಾಲ್ಕು ಜನರೆದುರು ಒಂದು ಸೀರೆ ಉಡಿಸಿ ತಾಳಿ ಕಟ್ಟಿದರೆ ಮುಗಿಯಿತು. ಸಾಕಮ್ಮನ ಮೊದಲ ಗಂಡ ಎರಡೇ ವರ್ಷಕ್ಕೆ ಇನ್ನೊಬ್ಬಳನ್ನು ಮನೆಗೆ ತಂದು ಇವಳನ್ನು ಕೊಟ್ಟಿಗೆಯಲ್ಲಿ ಮಲಗಲು ಹೇಳಿದವನು. ಇವಳು ಉಟ್ಟ ಬಟ್ಟೆಯಲ್ಲಿ ಮೈಸೂರಿಗೆ ಬಂದಳು. ಮರಿಯಯ್ಯನ ಹೆಂಡತಿ ಆಗಲೇ ತೀರಿಹೋಗಿದ್ದಳು. ಇಬ್ಬರೂ ಕೂಡಿಕೆಯಾದರು. ಆ ಮೊದಲ ಗಂಡ ಊರಿನಲ್ಲಿ ಮೀಸೆ ತಿರುವಿಕೊಂಡು ಓಡಾಡಿದ. ಅವನಿಗೆ ಯಾರೂ ಏನೂ ಅನ್ನಲಿಲ್ಲ. ಇವಳು ಮಾತ್ರ ಅರಿಶಿನ ಮುಟ್ಟುವಂತಿಲ್ಲ, ಆರತಿ ಎತ್ತುವಂತಿಲ್ಲ, ಮದುವೆ ಮನೆಯಲ್ಲಿ ಅಡುಗೆಯ ಒಲೆಯ ಮುಂದೆ ಮಾತ್ರ ಅವಳ ಜಾಗ. ಯಾರು ಬರೆದ ಶಾಸ್ತ್ರವೋ, ಅವನ ಕೈ ಸೇದಿಹೋಗಲಿ.

ಅವರ ಕುಲದ ಯಜಮಾನ ಸಿದ್ದಪ್ಪಾಜಿ. ಫ್ಯಾಕ್ಟರಿಯಿಂದ ರಿಟೈರಾದವರು, ಬಿಳಿ ಷರಟು, ಕನ್ನಡಕ. ಹೋಟೆಲಿನಲ್ಲಿ ಪೇಪರಿನ ಮೊದಲ ಪುಟ ಅವರ ಕೈಗೆ ಹೋಗದೆ ಬೇರೆಯವರಿಗೆ ಸಿಗುತ್ತಿರಲಿಲ್ಲ. ಇಂಗ್ಲೆಂಡಿನ ಅರಮನೆಯ ವಿಷಯವೆಂದರೆ ಅವರಿಗೆ ಪಂಚಪ್ರಾಣ. ತೊಂಬತ್ತೇಳರಲ್ಲಿ ಆ ರಾಜಕುಮಾರಿ ಕಾರು ಅಪಘಾತದಲ್ಲಿ ಸತ್ತ ಸುದ್ದಿ ಬಂದಾಗ ಹೆಂಗಸರು ಕಣ್ಣೀರು ಹಾಕಿದರು. ನಾನೂ ಮಿಷನ್ ನಿಲ್ಲಿಸಿ ಅತ್ತೆ. ಆಗ ಸಿದ್ದಪ್ಪಾಜಿಯವರ ಗಂಟಲು ಗೋಡೆ ದಾಟಿ ಬಂತು.

“ಗಂಡನ್ನ ಬುಟ್ಟೋಳು ಇನ್ನೊಬ್ಬನ ಜೊತೆ ಕಾರಲ್ಲಿ ಓದ್ರೆ ಇನ್ನೇನಾಯ್ತದೆ? ಒಂದು ಮನೆತನ, ಮರ್ಯಾದೆ ಬ್ಯಾಡ್ವಾ?”

ಅವಳ ಗಂಡ ಯುವರಾಜನಿಗೆ ಇನ್ನೊಬ್ಬಳ ಸಹವಾಸವಿತ್ತೆಂದು ಅವನೇ ಟೀವಿಯಲ್ಲಿ ಒಪ್ಪಿಕೊಂಡಿದ್ದನಲ್ಲ, ಅದು ಯಾವ ಮರ್ಯಾದೆ ಎಂದು ಒಬ್ಬ ಗಂಡಸೂ ಕೇಳಲಿಲ್ಲ. ಎಲ್ಲರೂ ತಲೆಯಾಡಿಸಿದರು. ಸಾಕಮ್ಮ ಚಟ್ನಿಯ ಪಾತ್ರೆಯನ್ನು ಬೆಂಚಿನ ಮೇಲೆ ಕುಕ್ಕಿದ ಸದ್ದು ನನಗೆ ಕೇಳಿಸಿತು. “ಸತ್ತೋಳ ಸುದ್ದಿ ನಿಮ್ಗ್ಯಾಕೆ, ಇಡ್ಲಿ ತಣ್ಣಗಾಯ್ತದೆ ತಿನ್ನಿ” ಎಂದಳು.

ಎಂಟು ವರ್ಷ ಕಳೆಯಿತು. ಎರಡು ಸಾವಿರದ ಐದರ ಏಪ್ರಿಲ್ಲಿನಲ್ಲಿ ಆ ಯುವರಾಜ ತನ್ನ ಹಳೆಯ ಗೆಳತಿಯನ್ನೇ ಮದುವೆಯಾದ. ಭಾನುವಾರದ ಪೇಪರಿನಲ್ಲಿ ಬಣ್ಣದ ಫೋಟೋ. ಅಂಚಿನ ಕೆಲಸಕ್ಕೆ ಬ್ಲೌಸುಗಳು ರಾಶಿ ಬಿದ್ದಿದ್ದರೂ ನಾನು ಕಾಫಿಯ ನೆಪದಲ್ಲಿ ಹೋಟೆಲಿಗೆ ಹೋದೆ. ಸಿದ್ದಪ್ಪಾಜಿ ಕನ್ನಡಕ ಮೂಗಿಗಿಳಿಸಿ ಎಲ್ಲರಿಗೂ ಓದಿ ಹೇಳುತ್ತಿದ್ದರು.

“ಮೂವತ್ತು ಮೂವತ್ತೈದು ವರ್ಸ ಕಾದವ್ನೆ ಕಣ್ರಪ್ಪ! ಬೇರೆಯೋನಾಗಿದ್ರೆ ಮರ್ತು ಬುಡ್ತಿದ್ದ. ಅದು ಪ್ರೀತಿ ಅಂದ್ರೆ!”

ಬೆಂಚಿನ ಮೇಲಿದ್ದವರೆಲ್ಲ ಹೌದು ಹೌದು ಅಂದರು. ಒಬ್ಬನಂತೂ ಚಪ್ಪಾಳೆಯನ್ನೇ ತಟ್ಟಿದ. ನನ್ನ ಮೈ ಉರಿದುಹೋಯಿತು. ಮೂವತ್ತೈದು ವರ್ಷದಲ್ಲಿ ಹೆಂಡತಿಯೊಬ್ಬಳು ಮನೆಯಲ್ಲಿ ಅಳುತ್ತ ಕೂತಿದ್ದ ವರ್ಷಗಳೂ ಸೇರಿವೆ ಎಂದು ಈ ಮಹಾನುಭಾವರಿಗೆ ಹೊಳೆಯುವುದೇ ಇಲ್ಲ. ನಾಳೆ ನನ್ನ ಗಂಡನ ಇಲವಾಲದ ಸಂಸಾರವನ್ನೂ ಅಮರ ಪ್ರೇಮ ಎಂದು ಪೇಪರಿನಲ್ಲಿ ಹಾಕಿಸಿದರೆ ಇವರು ಅದಕ್ಕೂ ಚಪ್ಪಾಳೆ ತಟ್ಟುವವರೇ.

ಸಾಕಮ್ಮ ಸೆರಗಿಗೆ ಕೈ ಒರೆಸಿಕೊಂಡು ಫೋಟೋ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

“ಈಯಮ್ಮಂಗೆ ಮೊದ್ಲು ಗಂಡ ಇದ್ನಾ ಬುದ್ಧಿ?”

“ಇದ್ದ. ಬುಟ್ಟವ್ಳೆ.”

“ಮದ್ವೆ ಚರ್ಚಲ್ಲಿ ಆಯ್ತಾ?”

“ಇಲ್ಲ, ರಿಜಿಸ್ಟ್ರು ಆಪೀಸಲ್ಲಿ. ಆಮ್ಯಾಕೆ ಚರ್ಚಲ್ಲಿ ಬರೀ ಪ್ರಾರ್ಥನೆ.”

“ಅವ್ನವ್ವ ರಾಣಿಯಮ್ಮ?”

“ಆಪೀಸ್ಗೆ ಬರ್ನಿಲ್ವಂತೆ. ಪ್ರಾರ್ಥನೆಗೆ ಬಂದವ್ರೆ.”

ಸಾಕಮ್ಮ ಫೋಟೋದ ಮೇಲೆ ಬೆರಳಿಟ್ಟಳು. “ಅಂಗಾರೆ ಅದೂ ಕೂಡಿಕೇನೆ ಅನ್ನಿ” ಎಂದಳು.

ಸಿದ್ದಪ್ಪಾಜಿ ಪೇಪರು ಮಡಿಸಿ, “ರಾಜ್ರುದ್ದು ಬ್ಯಾರೆ, ನಮ್ದು ಬ್ಯಾರೆ ಕಣಮ್ಮ” ಎಂದು ಎದ್ದರು. ಅವರು ಹೋದ ಮೇಲೆ ನಾನು ಆ ಫೋಟೋದ ಜೋಡಿಗೆ ನಾಲ್ಕು ಶಾಪ ಹಾಕಿದೆ. ಸಾಕಮ್ಮ ತಡೆದಳು. “ಅವ್ರು ಸುಖ್ವಾಗಿರ್ಲಿ ಬುಡಿ ಅಕ್ಕಾ. ನಾನು ಕೇಳಿದ್ದು ಅದ್ಕಲ್ಲ.”

ಅವಳು ಯಾಕೆ ಕೇಳಿದಳೆಂದು ನನಗೆ ಗೊತ್ತಿತ್ತು. ಮುಂದಿನ ತಿಂಗಳು ಅವಳ ಒಬ್ಬಳೇ ಮಗಳು ಅನುಪಮಾಳ ಮದುವೆ. ಹುಡುಗ ಬೋಗಾದಿಯವನು, ರಾಹುಲ್ ಅಂತ, ಹೊಸ ಬಡಾವಣೆಯ ಮನೆಗಳಿಗೆ ವೈರಿಂಗ್ ಮಾಡುವವನು. ಹುಡುಗ ಹುಡುಗಿ ಮೆಚ್ಚಿದ್ದರು, ಎರಡೂ ಕಡೆ ಒಪ್ಪಿದ್ದರು. ಉಳಿದದ್ದು ಒಂದೇ ಪ್ರಶ್ನೆ: ಧಾರೆ ಎರೆಯುವವರು ಯಾರು? ಹೆತ್ತವಳು ಇರುವಾಗ ಇದೂ ಒಂದು ಪ್ರಶ್ನೆಯೇ ಎಂದು ನೀವು ಕೇಳಬಹುದು. ಸಿದ್ದಪ್ಪಾಜಿ ಮತ್ತು ಇನ್ನಿಬ್ಬರು ಹಿರಿಯರು ಅದೇ ಬೆಂಚಿನ ಮೇಲೆ ಕೂತು, ಅವಳು ಕೊಟ್ಟ ಕಾಫಿಯನ್ನೇ ಕುಡಿಯುತ್ತ, ಕೂಡಿಕೆಯವಳು ಮಗಳ ಕೈಮೇಲೆ ಹಾಲು ಎರೆದರೆ ಮಗಳ ಮಾಂಗಲ್ಯಕ್ಕೆ ಕೇಡು ಎಂದು ತೀರ್ಮಾನ ಮಾಡಿದರು. ಮರಿಯಯ್ಯನಿಗೆ ಒಡಹುಟ್ಟಿದವರಿರಲಿಲ್ಲ. ಹಾಗಾಗಿ ಸಿದ್ದಪ್ಪಾಜಿ ತಾವೇ ಹೆಂಡತಿ ಲಕ್ಷ್ಮಮ್ಮನವರೊಂದಿಗೆ ನಿಂತು ಧಾರೆ ಎರೆಯುತ್ತೇವೆಂದರು. ಉಪಕಾರ ಮಾಡುವವರ ಹಾಗೆ ಹೇಳಿದರು. ಮೀರಿದರೆ ಕುಲದವರು ಯಾರೂ ಮದುವೆಗೆ ಬರುವುದಿಲ್ಲವೆಂದೂ ಸೇರಿಸಿದರು.

ಮರಿಯಯ್ಯ ತಟ್ಟೆ ತೊಳೆಯುತ್ತಿದ್ದವನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಅವಳು ಬೇಡ ಎಂಬಂತೆ ತಲೆಯಾಡಿಸಿದಳು.

ಆ ಮಧ್ಯಾಹ್ನ ಅವಳು ಮಗಳ ಧಾರೆಯ ಬ್ಲೌಸಿನ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದಳು. ಅಳತೆಯ ಬ್ಲೌಸು ಕೊಟ್ಟು, ಸ್ಟೂಲಿನ ಮೇಲೆ ಕೂತು, ಗಟ್ಟಿಯಾಗಿ ಅತ್ತುಬಿಟ್ಟಳು. ಕಾಮಾಲೆ ಬಂದು ಸಾಯುವ ಹಾಗಾದಾಗಲೂ ಅತ್ತವಳಲ್ಲ.

“ನಂಗೆ ಇನ್ನೇನೂ ಬ್ಯಾಡ ಅಕ್ಕಾ. ಹೆತ್ತಿವ್ನಿ, ಸಾಕಿವ್ನಿ. ಒಂದು ತೊಟ್ಟು ಹಾಲು ಉಯ್ಯಕೆ ನನ್ನ ಕೈ ಬ್ಯಾಡ ಅಂತಾರಲ್ಲ. ಧಾರೆ ಹಾಲಿನ ಚೊಂಬು ನೀವಾದ್ರೂ ಹಿಡ್ಕಳಿ. ನಿಮ್ಮ ಕೈ ಇದ್ರೆ ನಂದೇ ಇದ್ದಂಗೆ.”

ಹಿರಿಯರು ಇದಕ್ಕೆ ಕೂಡಲೇ ಒಪ್ಪಿದರು. ಮೊದಲ ತಾಳಿಯವಳು, ಗಂಡ ಬದುಕಿದ್ದಾನೆ, ಮೇಲಾಗಿ ಲಿಂಗಾಯತರ ಮನೆಯ ಹೆಂಗಸು. ಅವರಿಗೆ ಅಷ್ಟು ಸಾಕಾಯಿತು. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಎತ್ತಿ ತೋರಿಸುವ ಜನ ಇವರು.

ಮದುವೆ ಸಮುದಾಯ ಭವನದಲ್ಲಿ. ಮುಹೂರ್ತದ ಹೊತ್ತಿಗೆ ಸಭೆ ತುಂಬಿತ್ತು. ಹುಡುಗ ಹುಡುಗಿಯನ್ನು ಎದುರುಬದುರು ನಿಲ್ಲಿಸಿ, ಜೋಡಿಸಿದ ಕೈಗಳ ಮೇಲೆ ತೆಂಗಿನಕಾಯಿ ಇಟ್ಟರು. ಸಿದ್ದಪ್ಪಾಜಿ ಜರಿ ಪಂಚೆಯುಟ್ಟು, ಲಕ್ಷ್ಮಮ್ಮನವರು ರೇಷ್ಮೆ ಸೀರೆಯುಟ್ಟು ಮುಂದೆ ಬಂದರು. ಮರಿಯಯ್ಯ ಮಂಟಪದ ಕಂಬದ ಪಕ್ಕ ಬೇರೆ ಯಾರದೋ ಮದುವೆಗೆ ಬಂದವನಂತೆ ನಿಂತಿದ್ದ. ಸಾಕಮ್ಮ ಹಿಂದೆ ಅಡುಗೆಮನೆಯಲ್ಲಿದ್ದಳು. ಅನುಪಮಾ ತಲೆ ತಗ್ಗಿಸಿದ್ದಳು. ಅವಳ ಕಣ್ಣಿನ ನೀರು ತೆಂಗಿನಕಾಯಿಯ ಮೇಲೆ ಬೀಳುತ್ತಿತ್ತು. ತವರು ಬಿಡುವ ದುಃಖ ಎಂದು ಜನ ಅಂದುಕೊಂಡರು.

“ಚೊಂಬು ಕೊಡಿ ತಾಯಿ” ಎಂದು ಲಕ್ಷ್ಮಮ್ಮ ಕೈ ಚಾಚಿದರು.

ನಾನು ಕೊಡಲಿಲ್ಲ. ಮೊದಲೇ ಯೋಚಿಸಿಕೊಂಡು ಬಂದದ್ದೇನೂ ಅಲ್ಲ. ಆ ಹುಡುಗಿ ಅಡುಗೆಮನೆಯ ಕಡೆ ತಿರುಗಿ ನೋಡುವುದು ಕಂಡೆ, ಅಷ್ಟೇ.

“ಯಾಕಮ್ಮ, ಹೊತ್ತಾಯ್ತದೆ” ಎಂದರು ಸಿದ್ದಪ್ಪಾಜಿ.

“ಒಂದು ಮಾತು ಕೇಳ್ತೀನಿ ಯಜಮಾನ್ರೇ” ಎಂದೆ. ವಾಲಗದವರು ಊದಲು ಸಿದ್ಧವಾಗಿದ್ದವರು ನಿಂತರು. “ಈ ಚೊಂಬು ನನ್ನ ಕೈಗೆ ಯಾಕೆ ಕೊಟ್ರಿ? ನಾನು ಮುತ್ತೈದೆ ಅಂತ ತಾನೆ? ನನ್ನ ಕೊರಳಿಗೆ ತಾಳಿ ಕಟ್ಟಿದೋನು ಇಲವಾಲದಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆ. ನಿಮಗೆಲ್ಲಾರ್ಗೂ ಗೊತ್ತು. ನಿಮ್ಮ ಮನೆ ಹೆಂಗಸರು ನನ್ನ ಹಿಂದೆ ಆಡ್ಕೊಳ್ಳೋದೂ ನನಗೆ ಗೊತ್ತು. ನನ್ನ ಕೈ ಶುಭ. ಇಷ್ಟು ವರ್ಷ ಗಂಡನ ಜೊತೆ ಒಂದೇ ತಟ್ಟೇಲಿ ಉಂಡೋಳ ಕೈ ಕೇಡು. ಇದು ಯಾವ ನ್ಯಾಯ ಕಣ್ರೀ? ದೊರೆ ಮಾಡಿದ್ರೆ ಪ್ರೀತಿ, ಸಾಕಮ್ಮ ಮಾಡಿದ್ರೆ ಮೈಲಿಗೆನಾ?”

ಆಡಬಾರದ್ದನ್ನು ಆಡಿದ್ದೆ. ನನ್ನ ಮನೆಯ ಮಾನವನ್ನು ನಾನೇ ಎಳೆದು ಸಭೆಗೆ ಹಾಕಿದ್ದೆ. ಚೊಂಬಿನ ಹಾಲು ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಬಿಗಿ ಹಿಡಿದಿದ್ದೆ. ಸಿದ್ದಪ್ಪಾಜಿಯವರ ಮುಖ ಕೆಂಪಾಯಿತು. “ನಿಮ್ಮನೆ ರಾಮಾಯಣ ಇಲ್ಯಾಕಮ್ಮ? ಮದ್ವೆ ಕೆಡಿಸಕೆ ಬಂದಿದ್ದೀರಾ?” ಎಂದು ಕೂಗಿದರು. ಸಭೆಯಲ್ಲಿ ಗುಸುಗುಸು ಎದ್ದಿತು.

ಆಗ ಕಂಬದ ಪಕ್ಕದಿಂದ ಮರಿಯಯ್ಯ ಹೊರಟ. ಯಾರ ಮುಖವನ್ನೂ ನೋಡದೆ ಸಾಲಾಗಿ ಕೂತಿದ್ದ ಜನರ ನಡುವೆ ಹಾದು ನೇರ ಅಡುಗೆಮನೆಗೆ ಹೋದ. ಹಿಂತಿರುಗಿ ಬರುವಾಗ ಸಾಕಮ್ಮನ ಮಣಿಕಟ್ಟು ಅವನ ಕೈಯಲ್ಲಿತ್ತು. ಅವಳ ಕೆನ್ನೆಗೆ ಒಲೆಯ ಮಸಿ, ಬೆರಳಿಗೆ ಸಾರಿನ ಪುಡಿ. “ಬ್ಯಾಡ ಬುಡಿ, ಜನ ಎದ್ದೋಯ್ತಾರೆ ಬುಡಿ” ಎಂದು ಅವಳು ಅಂಗಲಾಚುತ್ತಿದ್ದಳು. ಅವನು ಬಿಡಲಿಲ್ಲ. ಮಂಟಪದ ಮುಂದೆ ಬಂದು ನಿಂತ. ಅಷ್ಟು ವರ್ಷದಲ್ಲಿ ನಾನು ಅವನ ಬಾಯಲ್ಲಿ ಕೇಳಿದ ಅತಿ ಉದ್ದದ ಮಾತು ಅದು.

“ಯಜಮಾನ್ರೇ, ನನ್ನ ಮಗ್ಳಿಗೆ ಅವ್ವ ಅವ್ಳೆ. ನನ್ಗೆ ಎಂಡ್ರು ಅವ್ಳೆ. ಧಾರೆ ನಾವು ಎರೀತೀವಿ. ಇರೋರು ಇರಿ.”

ಸಿದ್ದಪ್ಪಾಜಿ ಹೆಗಲ ಮೇಲಿನ ಟವೆಲ್ಲು ಕೊಡವಿ ಮಂಟಪದಿಂದ ಇಳಿದರು. ಅವರ ಹಿಂದೆ ಹಿರಿಯರಿಬ್ಬರು, ಅವರ ಹಿಂದೆ ಮೂರು ನಾಲ್ಕು ಸಾಲು ಜನ. ಲಕ್ಷ್ಮಮ್ಮನವರು ಎರಡು ಹೆಜ್ಜೆ ಹೋಗಿ ನಿಂತು ಹಿಂದೆ ನೋಡಿದರು. ಗಂಡ ಬಾಗಿಲಿನಿಂದ ಕೂಗಿದ ಮೇಲೆ ಅವರೂ ಹೋದರು. ಅರ್ಧ ಭವನ ಖಾಲಿಯಾಯಿತು. ಬೋಗಾದಿಯವರು ಒಬ್ಬರೂ ಏಳಲಿಲ್ಲ. ರಾಹುಲ್ ತನ್ನ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿ, “ಬನ್ನಿ ಅತ್ತೆ” ಎಂದ.

ನಾನು ಚೊಂಬನ್ನು ಸಾಕಮ್ಮನ ಕೈಗೆ ಕೊಟ್ಟೆ. ಮರಿಯಯ್ಯ ಅವಳ ಕೈಯ ಕೆಳಗೆ ತನ್ನ ಕೈ ಹಿಡಿದ. ಅವಳು ಎಲ್ಲಿ ಯಾರು ಬಂದು ತಡೆಯುತ್ತಾರೋ ಎಂದು ಹಾಲನ್ನು ಒಂದೇ ಸಲಕ್ಕೆ ಸುರಿಯಹೋದಳು. ಅರ್ಧ ಹಾಲು ನೆಲಕ್ಕೆ ಚೆಲ್ಲಿತು.

“ನಿಧಾನ್ವಾಗಿ ಉಯ್ಯವ್ವ” ಎಂದಳು ಅನುಪಮಾ. “ಇನ್ಯಾರೂ ಕಿತ್ಕಳಕಿಲ್ಲ.”