ಮಧ್ಯಾಹ್ನ ಕಾಣದ ಮೀನು

ನಿವೃತ್ತಿಗೆ ಎರಡು ವರ್ಷವಿದ್ದಾಗ ನಾನು ಮಲ್ಲೇಶ್ವರದ ಒಂದು ಸಂಶೋಧನಾ ಕಚೇರಿಯಲ್ಲಿ ಮೀನು ವಿಜ್ಞಾನಿಯಾಗಿದ್ದೆ. ಅಳಿವಿನಂಚಿಗೆ ಬಂದಿರುವ ಕಾವೇರಿಯ ಮಹಶೀರ್ ಮೀನು ದಿನವಿಡೀ ಎಲ್ಲೆಲ್ಲಿ ಓಡಾಡುತ್ತದೆ ಎಂದು ಪತ್ತೆಹಚ್ಚುವುದು ನನ್ನ ಕೆಲಸ. ಮೀನು ಹಿಡಿದು, ಪುಟ್ಟ ರೇಡಿಯೊ ಟ್ಯಾಗ್ ಅಳವಡಿಸಿ ಮತ್ತೆ ನೀರಿಗೆ ಬಿಡುತ್ತಿದ್ದೆವು. ದಡದಲ್ಲಿ ಆಂಟೆನಾ ಹಿಡಿದು ನಿಂತರೆ, ಮೀನು ಹತ್ತಿರ ಬಂದಂತೆ ರಿಸೀವರ್‌ನ ಟಿಕ್ ಟಿಕ್ ಸದ್ದು ಜೋರಾಗುತ್ತಿತ್ತು.

ಹಗಲೆಲ್ಲ ಅವು ಆಳದ ಮಡುವಿನಲ್ಲಿರುತ್ತಿದ್ದವು. ಬಿಸಿಲು ಇಳಿದ ಮೇಲೆ ಬಂಡೆಗಳ ನಡುವೆ ಹರಿಯುವ ತೆಳುನೀರಿಗೆ ಮೇಯಲು ಬರುತ್ತಿದ್ದವು. ಅಲ್ಲೇ ಬಂಡೆ ಒಡೆದು ಮೋಟಾರ್ ಬೋಟ್ ಓಡಿಸಲು ಒಂದು ರೆಸಾರ್ಟ್ ಅರ್ಜಿ ಹಾಕಿತು. ಅವರು ನೇಮಿಸಿದ ತಂಡ ಮಧ್ಯಾಹ್ನ ಬಂದು ಬಲೆ ಬೀಸಿ, ‘ಇಲ್ಲಿ ಮಹಶೀರ್ ಇಲ್ಲ’ ಎಂದು ವರದಿ ಕೊಟ್ಟಿತು.

ನಮ್ಮ ನಿರ್ದೇಶಕರು ನನ್ನನ್ನು ಕರೆಸಿದರು. “ನೀವೂ ಒಂದು ಸಹಿ ಹಾಕ್ಬಿಡಿ ಮೇಡಂ. ಅವರು ನೋಡ್ದಾಗ ಮೀನು ಇರ್ಲಿಲ್ಲ ತಾನೆ? ಸುಳ್ಳೇನಲ್ವಲ್ಲ.”

“ನಮ್ಮನೆ ಬಸವನಗುಡೀಲಿದೆ ಸರ್. ಮಧ್ಯಾಹ್ನ ಬಂದು ಬೀಗ ನೋಡ್ಕೊಂಡು, ಇಲ್ಲಿ ಯಾರೂ ವಾಸ ಇಲ್ಲ, ಕೆಡವಿ ಅಂತ ಬರೀತೀರಾ?”

ಅವರು ನಗಲಿಲ್ಲ. ಮರುದಿನವೇ ನನ್ನನ್ನು ಯೋಜನೆಯಿಂದ ತೆಗೆದು ಗ್ರಂಥಾಲಯಕ್ಕೆ ಹಾಕಿದರು.

ಅರ್ಜಿಯ ಪರಿಶೀಲನಾ ಸಭೆಗೆ ನನಗೆ ಕರೆ ಇರಲಿಲ್ಲ. ಹೋಗಲೋ ಬೇಡವೋ ಎಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತಿದ್ದೆ. ಊರಿನಿಂದ ಬಂದಿದ್ದ ಅಮ್ಮ, ಹಿಂದೆ ಟೀಚರಾಗಿದ್ದವಳು, ಪೇಪರಿನಿಂದ ತಲೆ ಎತ್ತದೆ, “ಹೋಗೋದಾದ್ರೆ ಇಸ್ತ್ರಿ ಸೀರೆ ಉಟ್ಕೊಂಡು ಹೋಗು,” ಎಂದಳು.

ಹೋದೆ. ಸಭೆಯಲ್ಲಿ ರೆಸಾರ್ಟ್ ತಂಡದ ವರದಿ ಓದಿದ್ದು ಮುಗಿದೊಡನೆ ನಾನು ಎದ್ದು ನಿಂತೆ.

“ನಿಮ್ಮನ್ನ ಇಲ್ಲಿಗೆ ಕರೆದೇ ಇಲ್ವಲ್ಲ,” ಎಂದರು ಅಧ್ಯಕ್ಷರು.

“ಮೀನನ್ನೂ ಕರೆದಿಲ್ಲ ಸರ್. ಒಂದು ಸಂಜೆ ನಮ್ಮ ಆಂಟೆನಾ ಹಿಡ್ಕೊಂಡು ನದಿ ಹತ್ರ ಹೋಗಿ ನಿಂತ್ಕೊಳ್ಳಿ. ಸದ್ದು ಬರ್ಲಿಲ್ಲ ಅಂದ್ರೆ ನಾನು ರಾಜೀನಾಮೆ ಕೊಡ್ತೀನಿ.”

ಮುಂದಿನ ವಾರ ಸಮಿತಿ ನದಿಗೆ ಹೋಯಿತು. ಆಂಟೆನಾ ಹಿಡಿದವಳು ನನ್ನ ಸಹಾಯಕಿ ಸವಿತಾ. ನನ್ನನ್ನು ಕರೆದೊಯ್ಯಲಿಲ್ಲ; ನಾನು ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ, ಕೈಯಲ್ಲಿದ್ದ ದೋಸೆ ತಿನ್ನಲಾಗದೆ ನಿಂತಿದ್ದೆ. ಫೋನ್ ಬಂತು. “ಮೇಡಂ, ಕೇಳಿ,” ಎಂದಷ್ಟೇ ಹೇಳಿ ಅವಳು ಫೋನನ್ನು ರಿಸೀವರ್ ಪಕ್ಕ ಹಿಡಿದಳು. ಅಷ್ಟು ಗಲಾಟೆಯ ನಡುವೆಯೂ ಟಿಕ್ ಟಿಕ್ ಕೇಳಿಸಿತು. ಒಂದಲ್ಲ, ಮೂರು ಬೇರೆ ಬೇರೆ ಟ್ಯಾಗಿನ ಸದ್ದು, ಮೂರು ಮೀನು.

ಬೋಟಿಗೆ ಅನುಮತಿ ಸಿಗಲಿಲ್ಲ. ನನ್ನನ್ನೂ ಮತ್ತೆ ನದಿಗೆ ಕಳಿಸಲಿಲ್ಲ, ಗ್ರಂಥಾಲಯದಿಂದಲೇ ನಿವೃತ್ತಳಾದೆ. ಬೇಜಾರಾಗಿತ್ತು, ನಿಜ. ನಿರ್ದೇಶಕರ ಹತ್ತಿರ ಕ್ಷಮೆ ಕೇಳಲು ಮಾತ್ರ ಹೋಗಲಿಲ್ಲ. ‘ಇಲ್ಲ’ ಎಂದು ಬರೆಯುವವರು ಯಾವ ಹೊತ್ತಿನಲ್ಲಿ, ಎಷ್ಟು ಹೊತ್ತು ನೋಡಿದೆವೆಂದೂ ಬರೆಯಬೇಕು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಅದನ್ನು ಬರೆಯದ ಕಾಗದವನ್ನು ಇವತ್ತು ನನ್ನ ಮುಂದಿಟ್ಟರೂ ಸಹಿ ಹಾಕುವುದಿಲ್ಲ.