ಹಳದಿ ರೇಷ್ಮೆಯ ಅಂಗಿ

ಚೀನಾದ ಶಾಂಡೊಂಗ್ ಕಡೆಯ ಹಳ್ಳಿಯಿಂದ ಹಡಗು ಹತ್ತಿ ಬಂದ ಫಾನ್ ತೆಶಾನ್, ಕಲ್ಕತ್ತೆಯ ಭವಾನಿಪುರದ ಓಣಿಗಳಲ್ಲಿ ರೇಷ್ಮೆ ಗಂಟು ಹೊತ್ತೇ ಮುದುಕನಾದವನು. ಅಲ್ಲಿಯ ಎಷ್ಟೋ ಮದುವಣಗಿತ್ತಿಯರ ರವಿಕೆ ಅವನ ಬಟ್ಟೆಯದೇ. ಆದರೆ ಗಡಿಯಲ್ಲಿ ಚೀನಾದೊಂದಿಗೆ ಯುದ್ಧ ಶುರುವಾದ ಆ ಕಾರ್ತಿಕದಲ್ಲಿ, ಅವನು ಓಣಿಗೆ ಕಾಲಿಟ್ಟರೆ ಸಾಕು, ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.

ಬಾಗಿಲು ತೆರೆದಿಟ್ಟವಳು, ಅವನು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ವಿಧವೆ ಚಾರುಶೀಲಾ ಒಬ್ಬಳೇ.

"ನಾಲ್ಕು ದಿನ ಮನೇಲಿ ಬಿದ್ದಿರೋಕೆ ಏನು ಧಾಡಿ ನಿಂಗೆ?" ಎಂದು ಬೈದಳು.

"ಮನೇಲಿದ್ರೆ ಏನೋ ಮುಚ್ಚಿಡ್ತಾನೆ ಅಂತಾರೆ, ಮಾಶಿಮಾ. ಬೀದೀಲಿದ್ರೆ ಗುಟ್ಟು ಕದೀತಾನೆ ಅಂತಾರೆ."

ಜಗಲಿಯ ಮೇಲೆ ಗಂಟು ಬಿಚ್ಚಿದ್ದೇ ತಡ, ಓಣಿಯ ಕ್ಲಬ್ಬಿನ ಹುಡುಗರು ಮುತ್ತಿಕೊಂಡರು. ಮುಂದಾಳು ನಂತು. ಅವನ ಅನ್ನಪ್ರಾಶನದ ಅಂಗಿಗೆ ಬಟ್ಟೆ ಕತ್ತರಿಸಿದವನೂ ಫಾನ್‌ನೇ.

"ಚೀನಾ ಕಾಕಾ, ಒಂದು ಅಂಗಿಗಾಗೋವಷ್ಟು ಹಳದಿ ರೇಷ್ಮೆ ಕೊಡು."

"ಯಾರ ಅಳತೆಗಪ್ಪಾ?"

"ನಿನ್ನ ಅಳತೆಗೇ!"

ಹುಡುಗರು ಹೋ ಎಂದು ನಕ್ಕರು. ಎದುರಿನ ದೀಪದ ಕಂಬಕ್ಕೆ ಹುಲ್ಲಿನ ಬೊಂಬೆಯೊಂದನ್ನು ಒರಗಿಸಿದ್ದರು. ಸೆಣಬಿನ ಜಡೆ, ಇದ್ದಲಿನಲ್ಲಿ ಗೀಚಿದ ಸೀಳುಗಣ್ಣು. ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬ.

ಇಲ್ಲವೆಂದರೆ ಗಂಟೇ ಬೆಂಕಿಗೆ ಹೋಗುತ್ತದೆ, ಆಮೇಲೆ ತಾನೂ, ಎಂದು ಫಾನ್‌ಗೆ ಗೊತ್ತಾಯಿತು. ಬಟ್ಟೆ ಹಾಸಿ, ಒಂದೆಳೆಯೂ ಸೊಟ್ಟಗಾಗದಂತೆ ಕತ್ತರಿಸಿದ.

"ತೋಳು ಸ್ವಲ್ಪ ಉದ್ದ ಬಿಡ್ರಪ್ಪಾ. ಚಳಿ ಬರ್ತಿದೆ."

ನಂತುವಿನ ನಗು ಅರ್ಧಕ್ಕೇ ನಿಂತಿತು. ಆದರೂ ಬೊಂಬೆಗೆ ಬಟ್ಟೆ ಸುತ್ತಿದರು, ಕಡ್ಡಿ ಗೀರಿದರು. ಕೂದಲು ಸುಟ್ಟಂಥ ನಾತ ಓಣಿ ತುಂಬಿತು. ಚಾರುಶೀಲಾ ಫಾನ್‌ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದಳು.

ಮರುದಿನ ಮಧ್ಯಾಹ್ನ ಫಾನ್ ಗಂಟು ಬಿಚ್ಚಿ ಕೂತಿದ್ದಾಗ, ಚೀನೀಯರನ್ನು ಹಿಡಿದೊಯ್ಯುತ್ತಿದ್ದ ಪೊಲೀಸರು ಅದೇ ಜಗಲಿಗೆ ಬಂದರು. ಚಾರುಶೀಲಾ ಅಡ್ಡ ನಿಂತಳು.

"ಇವನು ನಮ್ಮನೆಯೋನು. ಹೆಂಗೆ ಕರ್ಕೊಂಡು ಹೋಗ್ತೀರೋ ನೋಡ್ತೀನಿ!"

"ನಿಮ್ಮನೆಯೋನಾ?" ಅಧಿಕಾರಿ ತಣ್ಣಗೆ ಕೇಳಿದ. "ಹಾಗಾದ್ರೆ ನೀವೂ ಬನ್ನಿ ಅಮ್ಮಾ, ಮಾತಾಡೋದಿದೆ."

ಫಾನ್ ಥಟ್ಟನೆ ಎದ್ದ. "ಈಯಮ್ಮ ಯಾರೋ ನಂಗೊತ್ತಿಲ್ಲ, ಬಾಬು. ಬಟ್ಟೆ ನೋಡ್ತೀನಿ ಅಂದ್ರು, ಕೂತೆ." ಅವಳತ್ತ ತಿರುಗದೆ ವ್ಯಾನು ಹತ್ತಿದ.

ರಾಜಸ್ಥಾನದ ಮರಳಿನ ನಡುವೆ, ಸೆರೆಶಿಬಿರದ ಮುಳ್ಳುತಂತಿಯೊಳಗೆ ವರ್ಷಗಳು ಕಳೆದವು. ಬಿಟ್ಟಮೇಲೆ ಮರಳಿ ಬಂದು ನದಿಯಾಚೆ ಹಾವ್ಡಾದಲ್ಲಿ ಮತ್ತೆ ಗಂಟು ಹೊತ್ತು ತಿರುಗತೊಡಗಿದ. ಠಾಣೆಯವರು ಆಗಾಗ ಕರೆಸಿ, ಯಾರ್‍ಯಾರ ಮನೆಗೆ ಹೋಗುತ್ತೀ ಎಂದು ವಿಚಾರಿಸುತ್ತಿದ್ದರು. ಭವಾನಿಪುರದ ಹೆಸರನ್ನು ಅವನು ಎಂದೂ ಎತ್ತಲಿಲ್ಲ.

ಸುದ್ದಿ ತಿಳಿದು ಚಾರುಶೀಲಾ ಒಮ್ಮೆ ಸೇತುವೆ ದಾಟಿ, ಕೋಲೂರಿಕೊಂಡು ಹುಡುಕುತ್ತ ಬಂದಳು. ಫಾನ್ ಅವಳನ್ನು ದೂರದಿಂದಲೇ ಗುರುತಿಸಿದ. ಅವಳ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿದ. ಆಮೇಲೆ ಗಂಟನ್ನು ಎದೆಗವಚಿಕೊಂಡು ಪಕ್ಕದ ಸಂದಿಗೆ ನುಸುಳಿಬಿಟ್ಟ.